ಎಂಟು ವರ್ಷದ ಗುಳಿಗೆ, ಬಿಡಲೇ?

ಪ್ರಶ್ನೆ: ಡಾಕ್ಟರ್ ಸಾಹೇಬ್ರ, ನಂದು ಕಮಲಾಪುರ, ವಯಸ್ಸು 46. ಖಿನ್ನತೆಗೆ ಎಂಟು ವರ್ಷದಿಂದ ಎಸಿಟಲೋಪ್ರಾಮ್ 10 ಮಿಲಿಗ್ರಾಂ ತೊಗೊಳ್ಳಾಕತ್ತೀನಿ. ನಡುವ ಎರಡು ಸಲ ಒಮ್ಮೆಲೇ ಬಿಟ್ಟೆ, ಎರಡೂ ಸಲ ಹಾಸಿಗಿ ಹಿಡದೆ. ಈಗ ಚಲೋ ಇದ್ದೀನಿ. ಗುಳಿಗಿ ಚಟ ಆಗ್ಯಾದ, ಕಿಡ್ನಿ ಹೋಗ್ತದ ಅಂತಾರ ನಮ್ಮತ್ತಿ. ಬಿಡಲೇನು?

ಉತ್ತರ: ಈಗಲೇ ಬೇಡ, ಒಮ್ಮೆಲೇ ಅಂತೂ ಬೇಡವೇ ಬೇಡ.

ಈ ಗುಳಿಗೆ ಕಿಡ್ನಿ ಕೆಡಿಸುವಂಥದ್ದಲ್ಲ. ಮಂಡಿನೋವಿಗೆಂದು ಅಂಗಡಿಯಿಂದ ತಂದು ನುಂಗುವ ಗುಳಿಗೆಗಳ ಬಗ್ಗೆ ಅತ್ತೆಯವರು ಹಾಗೆಂದಿದ್ದರೆ ಒಪ್ಪುತ್ತಿದ್ದೆ. ಅವನ್ನು ಇದರ ಜೊತೆ ತೆಗೆದುಕೊಂಡರೆ ಹೊಟ್ಟೆಯಲ್ಲಿ ರಕ್ತಸ್ರಾವದ ಅಪಾಯವೂ ಹೆಚ್ಚು. ಚಟವೂ ಅಲ್ಲ: ಚಟ ಹತ್ತಿದವರು ಪ್ರಮಾಣ ಏರಿಸುತ್ತ ಹೋಗುತ್ತಾರೆ, ನೀವು ಹತ್ತರಲ್ಲೇ ಇದ್ದೀರಿ. ಆದರೆ ಮಿದುಳು ಔಷಧಿಗೆ ಹೊಂದಿಕೊಂಡಿರುವುದು ನಿಜ. ದಿಢೀರನೆ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ತಲೆಸುತ್ತು, ಕರೆಂಟ್ ಹೊಡೆದಂಥ ಜುಮ್ಮು, ಸಿಡುಕು ಬರಬಹುದು. ರೋಗ ಮರುಕಳಿಸುವುದು ಸಾಮಾನ್ಯವಾಗಿ ಇನ್ನೂ ತಡವಾಗಿ, ವಾರಗಳೋ ತಿಂಗಳುಗಳೋ ಕಳೆದ ಮೇಲೆ. ನಿಮ್ಮ ಎರಡು ಸಲದಲ್ಲಿ ಯಾವುದು ಏನಾಗಿತ್ತು ಎಂದು ನೆನಪಿಸಿಕೊಂಡು ವೈದ್ಯರಿಗೆ ಹೇಳಿ. ನಾನಾದರೂ ಮೊದಲು ಅದನ್ನೇ ಕೇಳುತ್ತೇನೆ.

ಬ್ರಿಟನ್ನಿನಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನವೊಂದು ನಿಮ್ಮಂಥವರದೇ. ದೀರ್ಘಕಾಲ ಔಷಧಿ ತೆಗೆದುಕೊಂಡು ಚೇತರಿಸಿದ್ದ 478 ಜನರಲ್ಲಿ, ಒಂದು ವರ್ಷದೊಳಗೆ, ಮುಂದುವರಿಸಿದವರ ಪೈಕಿ ಶೇ 39 ಮಂದಿಗೆ, ಹಂತಹಂತವಾಗಿ ಬಿಟ್ಟವರ ಪೈಕಿ ಶೇ 56 ಮಂದಿಗೆ ಖಿನ್ನತೆ ಮರಳಿತು. ಗುಳಿಗೆ ಪೂರ್ಣ ರಕ್ಷಣೆಯಲ್ಲ, ಬಿಟ್ಟವರೆಲ್ಲ ಕುಸಿಯಲೂ ಇಲ್ಲ. ಮೊದಲ ಬಾರಿ ಬಂದದ್ದಾದರೆ ಗುಣವಾದ ಮೇಲೆ ಆರರಿಂದ ಹನ್ನೆರಡು ತಿಂಗಳು ಸಾಕು ಎನ್ನುತ್ತೇವೆ. ಪದೇಪದೇ ಮರಳಿದವರಿಗೆ ಆ ಲೆಕ್ಕ ಹೊಂದದು. ಮೇಲಾಗಿ ನಿಮ್ಮದು ಮುಟ್ಟು ನಿಲ್ಲುವ ಆಸುಪಾಸಿನ ವಯಸ್ಸು, ಆಗ ಖಿನ್ನತೆ ತಲೆಯೆತ್ತುವ ಸಂಭವ ಹೆಚ್ಚು.

ದೀರ್ಘಕಾಲದ ತೊಂದರೆಗಳೂ ಇವೆ: ತೂಕ ಏರುವುದು, ಬೆವರು, ಭಾವನೆಗಳೇ ಮಂಕಾದಂತಾಗುವುದು, ದಾಂಪತ್ಯದಲ್ಲಿ ಆಸಕ್ತಿ ಕುಗ್ಗುವುದು. ಕೊನೆಯದನ್ನು ನಮ್ಮ ಕಡೆ ಹೆಣ್ಣುಮಕ್ಕಳು ಬಾಯಿಬಿಟ್ಟು ಹೇಳುವುದಿಲ್ಲ, ನಾವು ವೈದ್ಯರೂ ಕೇಳುವುದಿಲ್ಲ. ದಯವಿಟ್ಟು ಹೇಳಿ, ಔಷಧಿ ಬದಲಿಸಬಹುದು. ಅರವತ್ತು ದಾಟಿದವರಲ್ಲಿ, ಅದರಲ್ಲೂ ಬಿಪಿಗೆ ಮೂತ್ರ ಹೆಚ್ಚಿಸುವ ಗುಳಿಗೆ ನುಂಗುವವರಲ್ಲಿ, ರಕ್ತದ ಸೋಡಿಯಂ ಇಳಿಯುವುದುಂಟು.

ಮುಂದೆ ಬಿಡುವುದಾದರೆ ತಿಂಗಳುಗಟ್ಟಲೆ ಸಮಯ ಬೇಕು, ಕೊನೆಯ ಕೆಲವು ಮಿಲಿಗ್ರಾಂಗಳನ್ನಂತೂ ತೀರ ನಿಧಾನವಾಗಿ ಇಳಿಸಬೇಕು. ಮನೆಯಲ್ಲಿ ಮದುವೆ, ಸಾಲದ ಚಿಂತೆ ಇರುವಾಗ ಶುರು ಮಾಡಬೇಡಿ. ಜೊತೆಗೆ ಮಾತಿನ ಚಿಕಿತ್ಸೆ ಇದ್ದರೆ ಮರುಕಳಿಕೆ ತಗ್ಗುತ್ತದೆ. ಪ್ರತಿಸಲ ಕಲಬುರಗಿಯ ಸರ್ಕಾರಿ ಆಸ್ಪತ್ರೆ ಜಿಮ್ಸ್‌ವರೆಗೆ ಬರುವುದು ಕಷ್ಟವಾದರೆ, ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ಹತ್ತಿರದಲ್ಲೇ ಮನೋವೈದ್ಯರು ಸಿಗುತ್ತಾರೆಯೇ ಎಂದು ಕಮಲಾಪುರದ ಸರ್ಕಾರಿ ದವಾಖಾನೆಯಲ್ಲಿ ವಿಚಾರಿಸಿ. ಸಾಯುವ ಯೋಚನೆ ಸುಳಿದರೆ ಮಂಗಳವಾರಕ್ಕೆ ಕಾಯಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗಲಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.