ಕಡಲಿನ ಸೆಳೆತಕ್ಕೂ ಒಂದು ಲೆಕ್ಕ

ಈಸ್ಟ್ ಕೋಸ್ಟ್ ಪಾರ್ಕಿಗೆ ಹೋದಾಗ ದೂರದಲ್ಲಿ ಲಂಗರು ಹಾಕಿದ ಹಡಗುಗಳನ್ನು ನಾವೆಲ್ಲ ನೋಡಿದ್ದೇವೆ. ಹೆಚ್ಚಿನವು ಒಂದೇ ದಿಕ್ಕಿಗೆ ಮುಖ ಮಾಡಿರುತ್ತವೆ. ಕೆಲವು ಗಂಟೆಗಳ ನಂತರ ಎಲ್ಲವೂ ತಿರುಗಿರಬಹುದು. ಗಾಳಿ ಜೋರಿಲ್ಲದಾಗ ಹಡಗು ಪ್ರವಾಹಕ್ಕೆ ಎದುರಾಗಿ ನಿಲ್ಲುವುದೇ ಇದಕ್ಕೆ ಕಾರಣ.

ಈ ಪ್ರವಾಹವನ್ನು ಮೊದಲೇ ತಿಳಿಯುವುದೇಕೆ? 1944ರ ಜೂನ್ 6ರ ನಾರ್ಮಂಡಿ ದಾಳಿಗಾಗಿ ಆರ್ಥರ್ ಡೂಡ್ಸನ್ ಅವರು ಯಂತ್ರದ ನೆರವಿನಿಂದ ಉಬ್ಬರವಿಳಿತದ ಪಟ್ಟಿ ಸಿದ್ಧಪಡಿಸಿದ್ದರು. ಆದರೂ ಯೂಟಾ ತೀರದಲ್ಲಿ ಹೊಗೆಯ ನಡುವೆ ಪ್ರವಾಹದ ಸೆಳೆತಕ್ಕೆ ಸಿಕ್ಕ ಮೊದಲ ದೋಣಿಗಳು ಗೊತ್ತುಮಾಡಿದ ಜಾಗದಿಂದ ಸುಮಾರು 2 ಕಿ.ಮೀ. ದಕ್ಷಿಣಕ್ಕೆ ಹೋಗಿ ಸೇರಿದವು. ನೀರು ಎಷ್ಟು ಏರುತ್ತದೆಂದು ತಿಳಿದರೆ ಸಾಲದು. ಎತ್ತ, ಎಷ್ಟು ವೇಗವಾಗಿ ಹರಿಯುತ್ತದೆಂದೂ ತಿಳಿಯಬೇಕು.

ಮಕ್ಕಳಿಗೊಂದು ಲೆಕ್ಕ. ನೀರಿನಡಿ ಮೈನ್ ಹುಡುಕುವ ನೌಕಾಪಡೆಯ ಯಂತ್ರವೊಂದು ಗಂಟೆಗೆ 6 ಕಿ.ಮೀ. ಸಾಗುತ್ತದೆ ಎನ್ನೋಣ. ನಿಂತ ನೀರಿನಲ್ಲಿ 3 ಕಿ.ಮೀ. ಹೋಗಿಬರಲು ಒಂದು ಗಂಟೆ. ಗಂಟೆಗೆ 4 ಕಿ.ಮೀ. ಪ್ರವಾಹ ಎದುರಾದರೆ ಹೋಗಲು 90 ನಿಮಿಷ, ಬರಲು 18 ನಿಮಿಷ, ಒಟ್ಟು 108. ಹೋಗುವಾಗ ಕಳೆದದ್ದು ಬರುವಾಗ ತುಂಬುವುದಿಲ್ಲ! ಒಂದೇ ಗಂಟೆಯ ಬ್ಯಾಟರಿ ಇದ್ದರೆ ಯಂತ್ರ ಗುರಿಯನ್ನೇ ಮುಟ್ಟದು.

ನಮ್ಮ ಸಿಂಗಪುರ ಜಲಸಂಧಿಯ ಲೆಕ್ಕ ಇನ್ನೂ ತೊಡಕಿನದು. ಪಶ್ಚಿಮದಲ್ಲಿ ಹಿಂದೂ ಮಹಾಸಾಗರದ ಕಡೆಯಿಂದ ಬರುವ, ದಿನಕ್ಕೆರಡು ಬಾರಿಯ ಉಬ್ಬರ; ಪೂರ್ವದಲ್ಲಿ ದಕ್ಷಿಣ ಚೀನಾ ಸಮುದ್ರದ, ದಿನಕ್ಕೊಮ್ಮೆಯ ಲಯ ಪ್ರಬಲ. ಎರಡೂ ಬದಿಯ ನೀರಿನ ಮಟ್ಟದ ವ್ಯತ್ಯಾಸವೇ ಪ್ರವಾಹವನ್ನು ನೂಕುತ್ತದೆ. ಇದರ ಮೇಲೆ ಮಾನ್ಸೂನ್: ಈಶಾನ್ಯ ಮಾರುತದ ತಿಂಗಳುಗಳಲ್ಲಿ ನೀರು ಒಟ್ಟಾರೆ ಪಶ್ಚಿಮಕ್ಕೆ ಸರಿಯುತ್ತದೆ.

ಕಂಪ್ಯೂಟರಿನಲ್ಲಿ ಸಮುದ್ರವನ್ನು ಚಿಕ್ಕ ಚೌಕಗಳಾಗಿ ವಿಂಗಡಿಸಿ, ಆಳ, ಅಂಚಿನ ನೀರಿನ ಮಟ್ಟ, ಗಾಳಿ ಇವುಗಳಿಂದ ಪ್ರತಿ ಚೌಕದ ಹರಿವನ್ನು ಲೆಕ್ಕಹಾಕುತ್ತಾರೆ. ಸೂರ್ಯ ಚಂದ್ರರಿಂದಾಗುವ ಭಾಗವನ್ನು ವರ್ಷಗಳ ಮೊದಲೇ ಹೇಳಬಹುದು. ಗಾಳಿಯ ಭಾಗವನ್ನು ಕೆಲವೇ ದಿನಗಳ ಮೊದಲು. ಆದ್ದರಿಂದ ಯೋಜನೆ ಮಾಡುವವರು ಒಂದೇ ಅಂಕಿಯನ್ನು ನಂಬದೆ, ತಪ್ಪಿಗೂ ಅವಕಾಶ ಬಿಡಬೇಕು.

ಇದೇ ಲೆಕ್ಕ ಶಾಂತಿಕಾಲಕ್ಕೂ ಬೇಕು. 2024ರ ಜೂನ್ 14ರಂದು ಪಾಸಿರ್ ಪಂಜಾಂಗ್ ಟರ್ಮಿನಲ್‌ನಲ್ಲಿ ಹಡಗುಗಳು ಡಿಕ್ಕಿಯಾಗಿ ಸುಮಾರು 400 ಟನ್ ತೈಲ ಸೋರಿತು. ಪ್ರವಾಹ ಅದನ್ನು ಸೆಂಟೋಸಾಕ್ಕೂ ನಮ್ಮ ಈಸ್ಟ್ ಕೋಸ್ಟಿಗೂ ತಂದಿತು. ತೈಲ ಎತ್ತ ಸಾಗೀತೆಂದು ಮೊದಲೇ ತಿಳಿದರೆ ತಡೆಬೇಲಿಯನ್ನು ಎಲ್ಲಿ ಹಾಕಬೇಕೆಂದು ನಿರ್ಧರಿಸಬಹುದು. ನೀರಿಗೆ ಬಿದ್ದವರನ್ನು ಹುಡುಕುವುದಕ್ಕೂ ಇದೇ ದಾರಿ.

ಮುಂದಿನ ಸಲ ಬೀಚಿಗೆ ಹೋದಾಗ ಹಡಗುಗಳ ಮುಖ ಎತ್ತ ಇದೆಯೆಂದು ಮಕ್ಕಳನ್ನು ಕೇಳೋಣ. ಪಾಠ ಅಲ್ಲಿಂದಲೇ ಶುರುವಾಗಲಿ.