ಹೊಸದಾಗಿ ಕೊಂಡ ಜ್ಯೂನಿಪರ್ ಬೋನ್ಸಾಯ್: ಮೊದಲ ವರ್ಷದ ಆರೈಕೆ

ದೊಡ್ಡ ಮರವಾಗತಕ್ಕ ಗಿಡವನ್ನೇ ಆಳವಿಲ್ಲದ ಕುಂಡದಲ್ಲಿರಿಸಿ, ಬೇರು ಮತ್ತು ಟೊಂಗೆಗಳನ್ನು ಕಾಲಕಾಲಕ್ಕೆ ಸವರಿ ಗಿಡ್ಡಾಗಿ ಬೆಳೆಸುವ ಕಲೆಯೇ ಬೋನ್ಸಾಯ್. ಇದು ಚೀನಾ ದೇಶದಲ್ಲಿ ಹುಟ್ಟಿ ಜಪಾನಿನಲ್ಲಿ ಬೆಳೆಯಿತು. ಬೆಂಗಳೂರಿನ ಲಾಲ್‌ಬಾಗಿನಲ್ಲಿ ಇಂಥ ಗಿಡಗಳ ಪ್ರತ್ಯೇಕ ತೋಟವಿದೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ರೈತ ಬಾಂಧವರಲ್ಲಿ ಯಾರಾದರೂ ಹವ್ಯಾಸಕ್ಕೆಂದು ಜ್ಯೂನಿಪರ್ ಗಿಡ ಕೊಂಡು ತಂದಿದ್ದರೆ, ಮೊದಲು ಅದರ ಸ್ವಭಾವ ತಿಳಿಯುವದು ಅವಶ್ಯ.

ಹಸಿರನ್ನು ನಂಬಬೇಡಿ

ಜ್ಯೂನಿಪರ್ ತಂಪು ಸೀಮೆಯ ಮರ. ಇದರ ಕೆಲವು ಜಾತಿಗಳು ಹಿಮಾಲಯದಲ್ಲಿ ತಾವಾಗಿಯೇ ಬೆಳೆಯುತ್ತವೆ. ಬದನೆ, ಮೆಣಸಿನ ಗಿಡದ ಬೇರಿಗೆ ಪೆಟ್ಟಾದರೆ ಅಂದೇ ಎಲೆ ಬಾಡಿ ನಿಮಗೆ ತಿಳಿಯುತ್ತದೆ. ಜ್ಯೂನಿಪರ್ ಹಾಗಲ್ಲ. ಬೇರು ಸತ್ತ ಮೇಲೂ ಹಲವು ವಾರ ಅದು ಹಸಿರಾಗಿಯೇ ಕಾಣುತ್ತದೆ. ಇಂದು ಕಂದು ಬಣ್ಣ ಕಂಡರೆ ಅದು ಹಿಂದೆ ಎಂದೋ ಆದ ತಪ್ಪಿನ ಫಲ. ಆಗ ನೀರು, ಗೊಬ್ಬರ ಹೆಚ್ಚಿಸಿ ಪ್ರಯೋಜನವಿಲ್ಲ. ಟೊಂಗೆಗಳ ತುದಿಯಲ್ಲಿ ತಿಳಿಹಸಿರು ಚಿಗುರು ಮೂಡುತ್ತಿದ್ದರೆ ಮಾತ್ರ ಗಿಡ ನೆಲೆಯೂರಿದೆ ಎಂದು ತಿಳಿಯಬೇಕು.

ಇಡುವ ಜಾಗ

ಇದು ಪಡಸಾಲೆಯ ಗಿಡವಲ್ಲ, ಹೊರಗೇ ಇರಬೇಕು. ಮನೆಯ ಒಳಗಿನ ಮಂದ ಬೆಳಕಿನಲ್ಲಿ ಕ್ರಮೇಣ ಸೊರಗುತ್ತದೆ. ಬೆಳಗಿನ 4–5 ತಾಸು ನೇರ ಬಿಸಿಲು ಬೀಳುವ ಮೂಡಣ ದಿಕ್ಕಿನ ಅಂಗಳ ಉತ್ತಮ. ಮಾರ್ಚ್‌ನಿಂದ ಮೇ ವರೆಗೆ ಮಧ್ಯಾಹ್ನದ ಬಿಸಿಲಿಗೆ ತೆಳುವಾದ ನೆರಳು ಒದಗಿಸಿರಿ. ಅಥಣಿ, ಕಾಗವಾಡದ ಒಣ ಗಾಳಿಯಲ್ಲಿ ಇದು ಹೆಚ್ಚು ಅಗತ್ಯ. ಕಾದ ತಗಡು ಮತ್ತು ಸಿಮೆಂಟ್ ಚಾವಣಿಯ ಮೇಲೆ ಕುಂಡ ಇಡಬಾರದು.

ನೀರು

ಗಡಿಯಾರ ನೋಡಿ ನೀರು ಹಾಕಬೇಡಿ. ಬೆರಳನ್ನು ಒಂದು ಅಂಗುಲ ಮಣ್ಣಿನೊಳಗೆ ಇಳಿಸಿ ನೋಡಿರಿ. ಹಸಿ ತಗಲಿದರೆ ಬಿಡಿ. ಒಣಗುತ್ತ ಬಂದಿದ್ದರೆ ತಳದ ರಂಧ್ರದಿಂದ ಹರಿದು ಹೋಗುವವರೆಗೆ ಹಾಕಿರಿ. ಕುಂಡದ ಕೆಳಗಿನ ತಟ್ಟೆಯಲ್ಲಿ ನೀರು ನಿಲ್ಲಬಾರದು. ನಿಪ್ಪಾಣಿ ಕಡೆ ಮಳೆ ಬಿಡದೆ ಹಿಡಿದಾಗ ಕುಂಡದ ಒಂದು ಬದಿಗೆ ಇಟ್ಟಿಗೆ ಚೂರು ಕೊಟ್ಟು ಓರೆ ಮಾಡಿದರೆ ಹೆಚ್ಚಿನ ನೀರು ಬೇಗ ಬಸಿಯುತ್ತದೆ. ಕುಂಡದ ಅಂಚಿಗೆ ಬಿಳಿ ಪರೆ ಕಟ್ಟಿದರೆ ನಿಮ್ಮ ಬಾವಿಯ ನೀರಿನಲ್ಲಿ ಲವಣ ಹೆಚ್ಚೆಂದು ಅರ್ಥ. ಸಾಧ್ಯವಾದಷ್ಟು ಮಳೆ ನೀರು ಬಳಸಿರಿ.

ಮಣ್ಣು

ನಮ್ಮ ಎರೆ ಮಣ್ಣು ಕಬ್ಬಿಗೆ ಒಳ್ಳೆಯದು, ಈ ಕುಂಡಕ್ಕಲ್ಲ. ಹಸಿಯಾದಾಗ ಉಬ್ಬಿ ಗಾಳಿ ತಡೆಯುತ್ತದೆ, ಒಣಗಿದಾಗ ಬಿರಿದು ಬೇರು ಹರಿಯುತ್ತದೆ. ಕೃಷ್ಣಾ ತೀರದಲ್ಲಿ ಬಸಿಗಾಲುವೆ ಇಲ್ಲದೆ ಹೊಲ ಜವಳಾಗುವದನ್ನು ನೀವು ಕಂಡಿದ್ದೀರಿ. ಎರೆ ತುಂಬಿದ ಕುಂಡವೂ ಒಂದು ಸಣ್ಣ ಜವಳು ಹೊಲವೇ. ಜೋಳದ ಕಾಳಿನಷ್ಟು ಗಾತ್ರಕ್ಕೆ ಜರಡಿ ಹಿಡಿದ ಇಟ್ಟಿಗೆ ಚೂರು ಮತ್ತು ಗರಸು ಸೇರಿ 3 ಪಾಲು, ಚೆನ್ನಾಗಿ ಕಳಿತ ತಿಪ್ಪೆ ಗೊಬ್ಬರ 1 ಪಾಲು ಬೆರೆಸಿದರೆ ಸಾಕು.

ಆದರೆ ತಂದ ಕೂಡಲೇ ಕುಂಡ ಬದಲಿಸಬಾರದು. ತಳದ ರಂಧ್ರ ತೆರೆದಿದೆಯೇ ಎಂದು ನೋಡಿ, ಮೇಲ್ಭಾಗದಲ್ಲಿ ಅಂಟಿನಿಂದ ಕೂಡಿಸಿದ ಹರಳುಗಳಿದ್ದರೆ ತೆಗೆಯಿರಿ. ನೀರು ಇಂಗದೆ ನಿಲ್ಲುತ್ತಿದ್ದರೆ ಮಾತ್ರ ಬೇರಿನ ಮುದ್ದೆ ಒಡೆಯದಂತೆ ದೊಡ್ಡ ಕುಂಡಕ್ಕೆ ಇಳಿಸಿ, ಸುತ್ತಲೂ ಈ ಮಿಶ್ರಣ ತುಂಬಿರಿ. ಬೇರು ಸವರುವದು ಮುಂದಿನ ವರ್ಷದ ಕೆಲಸ; ಆಗಲೂ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬಾರದು. ಬೇಸಿಗೆಯಲ್ಲಂತೂ ಬೇರು ಮುಟ್ಟಲೇಬಾರದು.

ಕತ್ತರಿ

ದ್ರಾಕ್ಷಿ ಚಾಟ್ನಿಯ ಕೈ ಇಲ್ಲಿ ನಡೆಯದು. ದ್ರಾಕ್ಷಿ ಬಳ್ಳಿಯನ್ನು ಬರಿದು ಮಾಡಿದರೂ ಕಣ್ಣೊಡೆದು ಚಿಗುರುತ್ತದೆ. ಜ್ಯೂನಿಪರ್‌ನ ಟೊಂಗೆಯಲ್ಲಿ ಹಸಿರು ಪೂರ್ತಿ ತೆಗೆದರೆ ಆ ಟೊಂಗೆ ಸಾಮಾನ್ಯವಾಗಿ ಮತ್ತೆ ಚಿಗುರದೆ ಒಣಗುತ್ತದೆ. ಮೊದಲ ವರ್ಷ ಒಣಗಿದ ಕಡ್ಡಿಗಳನ್ನಷ್ಟೇ ತೆಗೆಯಿರಿ. ಬೇರು ಸವರುವದು, ಟೊಂಗೆ ಕತ್ತರಿಸುವದು, ತಂತಿ ಸುತ್ತುವದು ಈ ಮೂರನ್ನೂ ಒಂದೇ ಹಂಗಾಮಿನಲ್ಲಿ ಮಾಡುವದು ಗಿಡಕ್ಕೆ ಮೃತ್ಯುವಿದ್ದಂತೆ.

ಗೊಬ್ಬರ ಮತ್ತು ನುಸಿ

ಹೊಸ ಚಿಗುರು ಕಾಣುವವರೆಗೆ ಗೊಬ್ಬರ ಬೇಡ. ನಂತರ ತಿಂಗಳಿಗೊಮ್ಮೆ ಹಿಂಡಿ ನೆನೆಸಿದ ತಿಳಿ ನೀರನ್ನು ತೆಳುವಾಗಿ ಕೊಡಬಹುದು. ಯೂರಿಯಾ ಹಾಕಲೇಬಾರದು. ಬೇಸಿಗೆಯಲ್ಲಿ ಎಲೆ ಬೂದು ಬಣ್ಣಕ್ಕೆ ತಿರುಗಿದರೆ ಟೊಂಗೆಯ ಕೆಳಗೆ ಬಿಳಿ ಕಾಗದ ಹಿಡಿದು ತಟ್ಟಿರಿ. ಹರಿದಾಡುವ ಚುಕ್ಕೆಗಳು ಕಂಡರೆ ಅವು ನುಸಿಗಳು. ಬೆಳಿಗ್ಗೆ ಎಲೆಗಳ ಒಳಬದಿಗೆ ನೀರು ಚಿಮುಕಿಸಿ ತೊಳೆಯುತ್ತಿದ್ದರೆ ಹತೋಟಿಗೆ ಬರುತ್ತವೆ.

ಕೈ ಪಳಗಿಸಿಕೊಳ್ಳಲು ಆಲ, ಬಸರಿಯ ಸಸಿಗಳನ್ನು ಜೊತೆಗೆ ಬೆಳೆಸಿರಿ. ಅವು ನಮ್ಮ ಬಿಸಿಲಿಗೆ ಒಗ್ಗಿದವು, ಕತ್ತರಿಸಿದರೂ ಬೇಗ ಚಿಗುರುತ್ತವೆ. ಕತ್ತರಿ, ತಂತಿಯ ಪಾಠ ಅವುಗಳ ಮೇಲೆ ಆಗಲಿ. ಜ್ಯೂನಿಪರ್‌ಗೆ ಮೊದಲ ವರ್ಷ ಬಿಸಿಲು, ಗಾಳಿ, ಹದವರಿತ ನೀರು ಇಷ್ಟೇ ಸಾಕು.