ಬಾಗಿಲ ಸಂದಿಯಲ್ಲಿ ಬಂದ ಬಿಲ್

ಹಡಗಿನ ಕೊನೆಯ ರಾತ್ರಿ ಕೋಣೆಯ ಬಾಗಿಲ ಸಂದಿಯಿಂದ ಯಾರೋ ಒಂದು ಲಕೋಟೆ ತಳ್ಳಿ ಹೋದರು. ಬಿಲ್: ₹22,400. ‘ಊಟ, ತಿಂಡಿ ಎಲ್ಲ ಟಿಕೆಟ್ಟಿನಲ್ಲೇ ಬಂತು ಅಂದಿದ್ದೆಯಲ್ಲೇ?’ ಅಂದರು ಅತ್ತೆ.

ಊಟ, ತಿಂಡಿ ಬಂದಿದ್ದು ನಿಜ. ಉಳಿದದ್ದು ಬಂದಿರಲಿಲ್ಲ.

ನಾನು, ಯಜಮಾನರು, ಹತ್ತು ವರ್ಷದ ಮಗ ಮತ್ತು ಅತ್ತೆ. ಮುಂಬೈಯಲ್ಲಿ ಹತ್ತಿ, ಗೋವಾ, ಕೊಚ್ಚಿ ನೋಡಿಕೊಂಡು ಮುಂಬೈಗೇ ಮರಳುವ ಐದು ರಾತ್ರಿಯ ಪಯಣ. ಜಾಹೀರಾತಿನ ಪ್ರಕಾರ ನಾಲ್ವರಿಗೆ ₹88,000. ದುಡ್ಡು ಕಟ್ಟುವ ಹೊತ್ತಿಗೆ ಬಂದರು ಶುಲ್ಕ, ಸೇವಾ ಶುಲ್ಕ, ಜಿಎಸ್‌ಟಿ ಎಂದು ಇನ್ನೂ ₹31,000 ಸೇರಿತು. ರೈಲು ತಡವಾದರೆ ಹಡಗು ಕಾಯುವುದಿಲ್ಲವೆಂದು ಹಿಂದಿನ ದಿನವೇ ಮುಂಬೈ ಸೇರಿದೆವು. ಬೆಂಗಳೂರಿನಿಂದ ಹೋಗಿಬರುವ ರೈಲು, ಒಂದು ರಾತ್ರಿಯ ಹೋಟೆಲು ₹18,000.

ಇಷ್ಟನ್ನೂ ನಾನು ಮೊದಲೇ ಬರೆದಿಟ್ಟುಕೊಂಡಿದ್ದೆ. ಬರೆಯದೇ ಬಿಟ್ಟದ್ದು ಲಕೋಟೆಯೊಳಗಿತ್ತು: ಗೋವಾ ಸುತ್ತಾಟ ₹10,000, ಕಾಫಿ, ಜ್ಯೂಸ್, ಐಸ್‌ಕ್ರೀಮ್ ₹4,300, ಫೋಟೊ ₹3,200, ಮಗನ ವಿಡಿಯೊ ಗೇಮ್ ₹2,500, ವೈಫೈ ₹2,400.

ಹಡಗಿನಲ್ಲಿ ನೋಟು ನಡೆಯುವುದಿಲ್ಲ. ಕೋಣೆಯ ಬೀಗ ತೆಗೆಯುವ ಕಾರ್ಡೇ ಪರ್ಸು. ಕುಮಟಾದ ನಮ್ಮ ಅತ್ತೆ ಮೀನು ಮಾರ್ಕೆಟ್ಟಿನಲ್ಲಿ ಹತ್ತು ರೂಪಾಯಿಗೆ ಕಾಲು ಗಂಟೆ ಚೌಕಾಸಿ ಮಾಡುವವರು. ಡೆಕ್ಕಿನ ಮೇಲೆ ಅವರೇ ಕಾರ್ಡು ಮುಂದೆ ಹಿಡಿದು ದಿನಕ್ಕೆರಡು ಕಾಫಿ ಕುಡಿದರು, ರೇಟು ಕೇಳದೆ. ನಾನೂ ಕೇಳಲಿಲ್ಲ ಅನ್ನಿ.

ಗೋವಾದಲ್ಲಿ ಹಡಗಿನವರ ಬಸ್ಸು ಹಿಡಿದೆವು. ತಲೆಗೆ ₹2,500. ಮುರ್ಮುಗೋವಾ ಬಂದರಿನಿಂದ ಹಳೆ ಗೋವಾ ಸುಮಾರು 30 ಕಿ.ಮೀ. ಅಲ್ಲಿ 1605ರ ಬೊಮ್ ಜೀಸಸ್ ಬೆಸಿಲಿಕಾ, ಆಮೇಲೆ ಮಂಗೇಶಿ ದೇವಸ್ಥಾನ. ನೋಡಿದ್ದಕ್ಕಿಂತ ಬಸ್ಸಿನಲ್ಲಿ ಕೂತದ್ದೇ ಹೆಚ್ಚು. ಆದರೂ ಆ ದುಡ್ಡು ಪೂರ್ತಿ ದಂಡವಲ್ಲ. ಹಡಗಿನವರ ಬಸ್ಸು ತಡವಾದರೆ ಹಡಗು ಕಾಯುತ್ತದೆ, ನಾವೇ ಮಾಡಿಕೊಂಡ ಟ್ಯಾಕ್ಸಿ ತಡವಾದರೆ ಕಾಯದು.

ಕೊಚ್ಚಿಯಲ್ಲಿ ಹಡಗು ನಿಂತದ್ದು ವಿಲಿಂಗ್ಡನ್ ದ್ವೀಪದಲ್ಲಿ. ಫೋರ್ಟ್ ಕೊಚ್ಚಿ ಅಲ್ಲಿಂದ ಹತ್ತಿರವೇ. ಹಾಗಾಗಿ ಎರಡು ಆಟೊ ಗೊತ್ತು ಮಾಡಿಕೊಂಡೆವು. ಕಲ್ಲುಗಳ ಭಾರಕ್ಕೆ ಏಳುವ ಚೀನಾ ಬಲೆಗಳು, 1524ರಲ್ಲಿ ವಾಸ್ಕೊ ಡ ಗಾಮನನ್ನು ಮೊದಲು ಹೂಳಿದ್ದ ಸೇಂಟ್ ಫ್ರಾನ್ಸಿಸ್ ಚರ್ಚು, ಮಟ್ಟಾಂಚೇರಿಯ 1568ರ ಯೆಹೂದಿ ಮಂದಿರ. ಆಟೊ, ಊಟ, ಟಿಕೆಟ್ಟು ಎಲ್ಲ ಸೇರಿ ₹2,600.

ಮಟ್ಟಾಂಚೇರಿಯ ಅಂಗಡಿಯೊಂದರಲ್ಲಿ ಅತ್ತೆಯ ಕಿವಿಗೆ ಕೊಂಕಣಿ ಬಿತ್ತು. ಪೋರ್ಚುಗೀಸರ ಕಾಲದಲ್ಲಿ ಗೋವಾ ಬಿಟ್ಟ ಕೊಂಕಣಿಗರು ಕುಮಟಾ, ಮಂಗಳೂರುಗಳಲ್ಲಿ ನೆಲೆಸಿದಂತೆ ಇಲ್ಲಿಗೂ ಬಂದಿದ್ದಾರೆ. ಅತ್ತೆ ಅಂಗಡಿಯವನ ಊರು, ಕುಲದೇವರು ವಿಚಾರಿಸಿದರು, ಸೊಂಟದ ಚೀಲದಿಂದ ನೋಟು ಎಣಿಸಿ ಕೊಟ್ಟು ಒಣಶುಂಠಿ ಕೊಂಡರು. ಚೌಕಾಸಿ ಮಾಡಿಯೇ.

ಶುಂಠಿಯ ದುಡ್ಡು ಬಿಟ್ಟು ಒಟ್ಟು ₹1,62,000. ಜಾಹೀರಾತಿನ ಬೆಲೆಯ ದುಪ್ಪಟ್ಟಿಗೆ ತುಸು ಕಡಿಮೆ. ನೀವು ಹೊರಡುವುದಾದರೆ ಜಾಹೀರಾತಿನ ಮೊತ್ತವನ್ನು ಎರಡರಿಂದ ಗುಣಿಸಿ, ಅಷ್ಟು ಕೈಲಿದ್ದರೆ ಮಾತ್ರ ಬುಕ್ ಮಾಡಿ. ಹತ್ತಿದ ದಿನವೇ ರಿಸೆಪ್ಷನ್ನಿನಲ್ಲಿ ಮಕ್ಕಳ ಕಾರ್ಡಿನಿಂದ ಖರ್ಚಾಗದಂತೆ ಮಾಡಿಸಲು ಸಾಧ್ಯವೇ ಕೇಳಿ. ದಿನಾ ಸಂಜೆ ಅಲ್ಲಿಗೇ ಹೋಗಿ ಅಂದಿನ ಲೆಕ್ಕ ನೋಡಿ. ದಡ ಮರೆಯಾದೊಡನೆ ಫೋನನ್ನು ಫ್ಲೈಟ್ ಮೋಡಿಗೆ ಹಾಕಿ. ಹಡಗಿನ ಉಪಗ್ರಹ ನೆಟ್‌ವರ್ಕ್ ಹಿಡಿದರೆ ರೋಮಿಂಗ್ ಬಿಲ್ ಮನೆಗೆ ಬರುತ್ತದೆ.

ಹಡಗಿನಲ್ಲಿ ತೆಗೆಸಿದ ಫೋಟೊಗಳನ್ನು ಇನ್ನೂ ಯಾರೂ ಕವರಿನಿಂದ ಹೊರತೆಗೆದಿಲ್ಲ. ಒಣಶುಂಠಿ ಮಾತ್ರ ಕಷಾಯವಾಗಿ ಡಬ್ಬಿಯ ತಳ ಕಂಡಿದೆ.